ಮೊದಲು ಹಾಜರಿ, ಆಮೇಲೆ ಬೆವರು: ಮನೆಯೊಳಗೆ ದಿನವೂ ವ್ಯಾಯಾಮ ರೂಢಿಸಿಕೊಳ್ಳುವ ಬಗೆ

ಮುಂಗಾರು ಹಿಡಿದುಕೊಂಡ ಕೂಡಲೇ ಓದುಗರಿಂದ ಒಂದೇ ಪ್ರಶ್ನೆ ಬರತೊಡಗುತ್ತದೆ: "ವಾಕಿಂಗ್ ನಿಂತುಹೋಯಿತು, ಮನೆಯೊಳಗೆ ಏನು ಮಾಡಬಹುದು?" ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಮಳೆಯ ಸಮಸ್ಯೆ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಏಪ್ರಿಲ್, ಮೇ ತಿಂಗಳ ಬಿಸಿಲಿನ ಸಮಸ್ಯೆ. ಬೆಂಗಳೂರಿನವರಿಗೆ ವರ್ಷವಿಡೀ ಫುಟ್‌ಪಾತಿನ ಸಮಸ್ಯೆ. ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ ಹೆಚ್ಚು ಮುಖ್ಯವಾದದ್ದು: "ಶುರುವೇನೋ ಮಾಡುತ್ತೇನೆ, ಹದಿನೈದು ದಿನಕ್ಕೆ ನಿಂತುಹೋಗುತ್ತದೆ. ಏನು ಮಾಡಲಿ?"

ಹೀಗೆ ನಿಲ್ಲಿಸುವವರಲ್ಲಿ ಹೆಚ್ಚಿನವರು ಸೋಮಾರಿಗಳೇನಲ್ಲ. ಮೊದಲ ದಿನವೇ 40 ನಿಮಿಷ ಮಾಡಿ, ಮೂರನೆಯ ದಿನ ಮೆಟ್ಟಿಲು ಇಳಿಯಲಾಗದಷ್ಟು ತೊಡೆ ಹಿಡಿದುಕೊಂಡು, ಒಂದು ದಿನ ಬಿಟ್ಟು, ಆಮೇಲೆ ಬಿಟ್ಟೇಬಿಟ್ಟವರು. ಆದ್ದರಿಂದ ಮೊದಲ ಎಂಟು ವಾರ ನೀವು ಸಾಧಿಸಬೇಕಾದದ್ದು ಇಷ್ಟೇ: ದಿನವೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ ನಿಲ್ಲುವುದು. ಎಷ್ಟು ಬೆವರಿದಿರಿ ಎಂಬ ಲೆಕ್ಕ ಆಮೇಲಿನದು.

ಶುರು ಮಾಡುವ ಮೊದಲು

ಹೃದಯದ ತೊಂದರೆ ಇರುವವರು, ನಡೆದಾಗ ಎದೆ ಹಿಡಿದಂತಾಗುವವರು, ಹತೋಟಿಗೆ ಬಾರದ ರಕ್ತದೊತ್ತಡದವರು, ಗರ್ಭಿಣಿಯರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು, ಸ್ಲಿಪ್ ಡಿಸ್ಕ್ ಇರುವವರು, ಸಕ್ಕರೆ ಕಾಯಿಲೆಯಿಂದ ಕಣ್ಣಿನ ನರಪೊರೆಗೆ ಏಟಾಗಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಕೇಳುವಾಗ "ವ್ಯಾಯಾಮ ಮಾಡಬಹುದೇ?" ಎಂದಷ್ಟೇ ಕೇಳಿದರೆ "ಮಾಡಿ, ಒಳ್ಳೆಯದು" ಎಂಬ ಉತ್ತರವಷ್ಟೇ ಸಿಗುತ್ತದೆ. ಕೆಳಗಿನ ಚಲನೆಗಳ ಪಟ್ಟಿ ತೋರಿಸಿ "ಇದರಲ್ಲಿ ಯಾವುದು ಬೇಡ?" ಎಂದು ಕೇಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವ್ಯಾಯಾಮಕ್ಕೆ ಮುಂಚೆ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ. 90ಕ್ಕಿಂತ ಕಡಿಮೆ ಇದ್ದರೆ ಮೊದಲು ಒಂದು ಬಾಳೆಹಣ್ಣು ತಿನ್ನಿ. ನಡುಕ, ತಣ್ಣನೆ ಬೆವರು, ಕಣ್ಣು ಮಂಜಾಗುವುದು ಕಂಡರೆ ನಿಲ್ಲಿಸಿ, 3–4 ಟೀ ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಿರಿ. ಪಾದದ ಸ್ಪರ್ಶ ಕಡಿಮೆಯಾಗಿರುವವರು ಮನೆಯೊಳಗಾದರೂ ಬರಿಗಾಲಲ್ಲಿ ಮಾಡಬೇಡಿ, ಶೂ ಹಾಕಿಕೊಳ್ಳಿ. ಗಾಯವಾದರೆ ಗೊತ್ತಾಗುವುದಿಲ್ಲ.

ಬೇಕಾದ ಸಾಮಾನು ಕಡಿಮೆ: ಕೈಹಿಡಿ ಇಲ್ಲದ ಗಟ್ಟಿ ಕುರ್ಚಿ ಒಂದು, ಖಾಲಿ ಗೋಡೆ, ಗಟ್ಟಿ ಹಿಡಿಯ ಕೈಚೀಲ ಒಂದು, ಅದರೊಳಗಿಡಲು 5 ಕೆ.ಜಿ. ಅಕ್ಕಿಯ ಪ್ಯಾಕೆಟ್ ಅಥವಾ ನೀರು ತುಂಬಿದ ಬಾಟಲಿಗಳು (ಒಂದು ಲೀಟರ್ ನೀರೆಂದರೆ ಒಂದು ಕೆ.ಜಿ.), ಗೋಡೆಗೆ ನೇತುಹಾಕುವ ಕ್ಯಾಲೆಂಡರ್, ಪೆನ್ನು. ಪ್ಲಾಸ್ಟಿಕ್ ಕುರ್ಚಿ ಬೇಡ, ನುಣುಪು ಟೈಲ್ಸ್ ಮೇಲೆ ಅದರ ಕಾಲು ಅಗಲವಾಗಿ ಜಾರುತ್ತದೆ. ಟ್ರೆಡ್‌ಮಿಲ್, ಸೈಕಲ್ ಮುಂತಾದ ಯಂತ್ರಗಳನ್ನು ಎರಡು ತಿಂಗಳು ಹಾಜರಿ ತಪ್ಪದೆ ನಡೆದ ಮೇಲೆ ಯೋಚಿಸಿ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ಟ್ರೆಡ್‌ಮಿಲ್ಲನ್ನೇ ನೆಚ್ಚಿಕೊಂಡರೆ ರೂಢಿಯೂ ಕರೆಂಟಿನ ಜೊತೆಗೇ ಹೋಗುತ್ತದೆ. ಫೋನಿನ ವಿಡಿಯೊ ನೋಡಿ ಮಾಡುವವರು ಅದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಹಂತ 1: ಜಾಗ ಹಿಡಿಯಿರಿ

ಆರಡಿ ಉದ್ದ, ನಾಲ್ಕಡಿ ಅಗಲದ ಜಾಗ ಸಾಕು. ಮಂಚದ ಪಕ್ಕ, ಹಾಲ್‌ನ ಮೂಲೆ, ಮುಚ್ಚಿದ ಜಗಲಿ, ಯಾವುದಾದರೂ ಸರಿ, ಆದರೆ ದಿನವೂ ಅದೇ ಆಗಿರಲಿ. ದಿನವೂ ಟೀಪಾಯಿ ಸರಿಸಿ, ಚಾಪೆ ಹುಡುಕಿ, ಒಣಹಾಕಿದ ಬಟ್ಟೆ ತೆಗೆದು ಜಾಗ ಮಾಡಿಕೊಳ್ಳಬೇಕಾದರೆ ಎರಡನೆಯ ವಾರಕ್ಕೆ ಬೇಸರ ಬರುತ್ತದೆ. ಚಾಪೆಯನ್ನು ಸುತ್ತಿ ಕಣ್ಣಿಗೆ ಬೀಳುವಂತೆ ಅಲ್ಲೇ ನಿಲ್ಲಿಸಿ.

ನೆಲದ ಬಗ್ಗೆ ಎಚ್ಚರ. ಟೈಲ್ಸ್ ಮೇಲೆ ಜಮಖಾನ ಜಾರುತ್ತದೆ. ಸಾಕ್ಸ್ ಹಾಕಿಕೊಂಡರೆ ಕಾಲೂ ಜಾರುತ್ತದೆ. ಮಳೆಗಾಲದಲ್ಲಿ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ತೇವ ಕಟ್ಟುತ್ತದೆ, ಮೊದಲು ಒಣಬಟ್ಟೆಯಲ್ಲಿ ಒರೆಸಿ. ಕೆಳಗಡೆ ರಬ್ಬರಿನಂಥ ಹಿಡಿತವಿರುವ 6 ಮಿ.ಮೀ. ದಪ್ಪದ ಯೋಗ ಮ್ಯಾಟ್ ಕೊಳ್ಳುವುದು ದುಡ್ಡಿಗೆ ತಕ್ಕ ಖರ್ಚು. ಅದಕ್ಕಿಂತ ದಪ್ಪಗಿನದು ಮೆತ್ತಗಾಗಿ, ಒಂಟಿಕಾಲಲ್ಲಿ ನಿಲ್ಲುವಾಗ ಪಾದ ತೂಗಾಡುತ್ತದೆ. ಲುಂಗಿ, ಸೀರೆ, ನೈಟಿಯ ಅಂಚು ಕಾಲಿಗೆ ತೊಡರುತ್ತದೆ, ಸಲ್ವಾರ್ ಅಥವಾ ಟ್ರ್ಯಾಕ್ ಪ್ಯಾಂಟ್ ಒಳ್ಳೆಯದು. ಕೈ ಮೇಲೆತ್ತಿದಾಗ ಫ್ಯಾನು ಎಷ್ಟು ದೂರದಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ, ಅಟ್ಟದ ಮನೆಗಳಲ್ಲಿ ಇದನ್ನು ಮರೆಯಬಾರದು.

ಹಂತ 2: ಹೊತ್ತನ್ನು ಒಂದು ಕೆಲಸಕ್ಕೆ ಗಂಟುಹಾಕಿ

"ನಾಳೆಯಿಂದ ಬೆಳಿಗ್ಗೆ ಮಾಡುತ್ತೇನೆ" ಎಂಬುದು ಆಸೆ. ರೂಢಿ ನಿಲ್ಲಬೇಕಾದರೆ ಮಾತು ಹೀಗಿರಬೇಕು: "ಗೀಸರ್ ಸ್ವಿಚ್ ಹಾಕಿದ ಕೂಡಲೇ ಚಾಪೆ ಬಿಚ್ಚುತ್ತೇನೆ." ಇಂಥದ್ದು ಆದಾಗ ಇಂಥದ್ದು ಮಾಡುತ್ತೇನೆ ಎಂದು ಮೊದಲೇ ಕಟ್ಟಿಟ್ಟುಕೊಂಡವರು ಹೇಳಿದ್ದನ್ನು ಹೆಚ್ಚಾಗಿ ಮಾಡಿ ಮುಗಿಸುತ್ತಾರೆ. ಮನಶ್ಶಾಸ್ತ್ರದಲ್ಲಿ ಪೀಟರ್ ಗೋಲ್‌ವಿಟ್ಸರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ ವಿಷಯ ಇದೇ.

ಗಂಟುಹಾಕುವ ಕೆಲಸ ದಿನವೂ ತಪ್ಪದೆ ನಡೆಯುವಂಥದ್ದಾಗಿರಬೇಕು. ಗೀಸರ್ ಇದಕ್ಕೆ ಹೇಳಿ ಮಾಡಿಸಿದಂತಿದೆ. 15 ಲೀಟರಿನ, 2 ಕಿಲೋವ್ಯಾಟ್‌ನ ಗೀಸರಿನಲ್ಲಿ ಸ್ನಾನಕ್ಕಾಗುವಷ್ಟು ನೀರು ಕಾಯಲು ಹೆಚ್ಚುಕಡಿಮೆ 15–20 ನಿಮಿಷ ಬೇಕು, ನಿಮಗೂ ಅಷ್ಟೇ ಹೊತ್ತು ಬೇಕು. ಹಂಡೆ ಒಲೆಗೆ ಉರಿ ಹಾಕುವ ಮನೆಯವರು ಉರಿ ಹತ್ತಿದ ಮೇಲಿನ ಹೊತ್ತನ್ನು ಹಿಡಿಯಬಹುದು. ಸೋಲಾರ್ ನೀರಿನವರು ಹಲ್ಲುಜ್ಜಿದ ಮೇಲೆ, ಕಾಫಿಗೆ ಮುಂಚೆ ಇಟ್ಟುಕೊಳ್ಳಲಿ. ಕಾಫಿ ಆದಮೇಲೆ ಎಂದು ಇಟ್ಟುಕೊಂಡರೆ ಪೇಪರು, ಫೋನು ಕೈಗೆ ಬಂದು ಹೊತ್ತು ಜಾರುತ್ತದೆ.

ಸಂಜೆಯವರು ಕೆಲಸದಿಂದ ಬಂದು ಬಟ್ಟೆ ಬದಲಿಸುವ ಗಳಿಗೆಯನ್ನು ಹಿಡಿಯಿರಿ. ಸೋಫಾದ ಮೇಲೆ ಕೂತ ಮೇಲೆ ಏಳುವುದು ಕಷ್ಟ, ಕೂರುವ ಮೊದಲೇ ಮುಗಿಸಿ. ಹೊಟ್ಟೆ ತುಂಬ ಊಟವಾಗಿದ್ದರೆ 2–3 ಗಂಟೆ ಬಿಡಿ. ಬೆಳಿಗ್ಗೆ ತಲೆ ಸುತ್ತುವಷ್ಟು ಹಸಿವಾಗುವವರು ಅರ್ಧ ಗಂಟೆ ಮುಂಚೆ ಬಾಳೆಹಣ್ಣು ಅಥವಾ ನಾಲ್ಕು ಖರ್ಜೂರ ತಿನ್ನಬಹುದು.

ಬೆಳಗಿನ ಹೊತ್ತು ತಮ್ಮದಲ್ಲವೇ ಅಲ್ಲ ಎನ್ನುವ ಗೃಹಿಣಿಯರು, ನೌಕರಿಗೆ ಹೋಗುವ ತಾಯಂದಿರಿಗೆ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ "ಒಮ್ಮೆಗೆ ಕನಿಷ್ಠ 10 ನಿಮಿಷವಾದರೂ ಇರಬೇಕು" ಎಂಬ ಹಳೆಯ ಕಟ್ಟುಪಾಡನ್ನು ಕೈಬಿಟ್ಟಿದೆ. ಐದೈದು ನಿಮಿಷದ ಮೂರು ತುಂಡುಗಳೂ ಲೆಕ್ಕಕ್ಕೆ ಬರುತ್ತವೆ. ಕುಕ್ಕರ್ ಇಳಿಸಿದ ಮೇಲೆ ಅದರ ಪ್ರೆಶರ್ ತಾನಾಗಿ ಇಳಿಯುವ ಹೊತ್ತಿನಲ್ಲಿ ಅಡುಗೆ ಕಟ್ಟೆ ಹಿಡಿದು ಎರಡು ಚಲನೆ ಮುಗಿಸಬಹುದು. ಒಲೆಯ ಮೇಲೆ ಎಣ್ಣೆ ಕಾಯುತ್ತಿದ್ದಾಗ, ಹಾಲು ಉಕ್ಕುವ ಹೊತ್ತಿನಲ್ಲಿ ಮಾತ್ರ ಖಂಡಿತ ಬೇಡ. ಇನ್ನೂ ಒಳ್ಳೆಯದೆಂದರೆ, ಆ 15 ನಿಮಿಷ ಮನೆಯ ಉಳಿದವರು ಒಲೆ ನೋಡಿಕೊಳ್ಳುವುದು. ಇದನ್ನು ಕೇಳಿ ಪಡೆಯಲು ಸಂಕೋಚ ಬೇಡ.

ಹಂತ 3: ಕನಿಷ್ಠ ಪಾಲು ಗೊತ್ತುಮಾಡಿ

ಮೊದಲ ಎರಡು ವಾರ ದಿನಕ್ಕೆ ಐದೇ ನಿಮಿಷ. ಇನ್ನೂ ಮಾಡಬಹುದಿತ್ತು ಎನ್ನಿಸಿದರೂ ನಿಲ್ಲಿಸಿ. ಆಮೇಲೆ ಹೊತ್ತು ಹೆಚ್ಚಿದಾಗಲೂ ಈ ಐದು ನಿಮಿಷ ನಿಮ್ಮ ಕನಿಷ್ಠ ಪಾಲಾಗಿ ಉಳಿಯುತ್ತದೆ. ನೆಂಟರು ಬಂದ ದಿನ, ತಿಂಗಳ ಮುಟ್ಟಿನ ದಿನ, ನಿದ್ದೆಗೆಟ್ಟ ದಿನ, ಅಷ್ಟು ಮಾಡಿದರೆ ಹಾಜರಿ ಬಿತ್ತು.

ಸೋಮಾರಿತನಕ್ಕೆ ಅವಕಾಶ ಕೊಟ್ಟಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕಷ್ಟವಿರುವುದು ಎದ್ದು ಚಾಪೆ ಬಿಚ್ಚುವುದರಲ್ಲಿ. ಬಿಚ್ಚಿದ ಮೇಲೆ ಹೆಚ್ಚಿನ ದಿನ ನೀವೇ ಪೂರ್ತಿ ಮಾಡಿ ಏಳುತ್ತೀರಿ.

"21 ದಿನ ಮಾಡಿದರೆ ಅಭ್ಯಾಸವಾಗುತ್ತದೆ" ಎಂಬ ಮಾತನ್ನು ನಂಬಿ 22ನೆಯ ದಿನ ನಿರಾಶರಾಗಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಮಧ್ಯಮ ಅವಧಿ 66 ದಿನ. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನದ ಅಂದಾಜು ಬಂತು. ನೀರು ಕುಡಿಯುವಂಥ ಸುಲಭದ ರೂಢಿಗಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಹಿಡಿಯಿತು. ಹಾಗಾಗಿ ಮೂರನೆಯ ವಾರದಲ್ಲಿ ಮನಸ್ಸು ಎಳೆದಾಡಿದರೆ ನಿಮ್ಮಲ್ಲಿ ಏನೋ ಕೊರತೆಯಿದೆ ಎಂದಲ್ಲ, ರೂಢಿ ಇನ್ನೂ ಅರ್ಧ ದಾರಿಗೂ ಬಂದಿಲ್ಲ ಅಷ್ಟೇ.

ಹಂತ 4: ಐದು ಚಲನೆಗಳನ್ನು ಸರಿಯಾಗಿ ಕಲಿಯಿರಿ

ಮೊದಲು ಒಂದು ನಿಮಿಷ ನಿಂತಲ್ಲೇ ನಡೆಯಿರಿ, ಭುಜಗಳನ್ನು ಹಿಂದಕ್ಕೆ ಹತ್ತು ಸಲ ತಿರುಗಿಸಿ. ಮೈ ಬೆಚ್ಚಗಾಗಲು ಅಷ್ಟು ಸಾಕು. ಚಳಿಗಾಲದಲ್ಲಿ, ವಯಸ್ಸಾದವರಲ್ಲಿ ಇದು ಮೂರು ನಿಮಿಷವಾಗಲಿ. ಆಮೇಲೆ ಈ ಐದು:

ಕುರ್ಚಿ ಬಸ್ಕಿ, 8 ಸಲ. ಕುರ್ಚಿಯ ಬೆನ್ನನ್ನು ಗೋಡೆಗೆ ತಾಗಿಸಿಡಿ. ಪಾದ ಭುಜದಷ್ಟು ಅಗಲ, ಬೆರಳು ಸ್ವಲ್ಪ ಹೊರಮುಖ. ಪೃಷ್ಠವನ್ನು ಹಿಂದಕ್ಕೆ ಚಾಚುತ್ತ ಮೂರು ಎಣಿಸುವಷ್ಟು ನಿಧಾನವಾಗಿ ಇಳಿಯಿರಿ, ಕುರ್ಚಿಗೆ ತಾಗಿದ ಕೂಡಲೇ ಹಿಮ್ಮಡಿ ಒತ್ತಿ ಏಳಿ. ಧೊಪ್ಪನೆ ಕುಳಿತರೆ ಸೊಂಟಕ್ಕೆ ಏಟು, ತೊಡೆಗೆ ಲಾಭವಿಲ್ಲ. ಏಳುವಾಗ ಮಂಡಿಗಳು ಒಂದಕ್ಕೊಂದು ಹತ್ತಿರ ಬರುವುದು ಸಾಮಾನ್ಯ ತಪ್ಪು, ಅವು ಕಾಲ್ಬೆರಳ ದಿಕ್ಕಿಗೇ ಇರಲಿ. ಮಂಡಿ ನೋವಿದ್ದರೆ ಕುರ್ಚಿಯ ಮೇಲೆ ಗಟ್ಟಿ ದಿಂಬಿಟ್ಟು ಎತ್ತರ ಮಾಡಿಕೊಳ್ಳಿ. ಗರಡಿಯವರ ಪೂರ್ತಿ ಬಸ್ಕಿಯನ್ನು ಮೊದಲ ದಿನವೇ 50 ಹೊಡೆಯುವುದರಿಂದ ಆಗುವುದು ಮೂರು ದಿನದ ಕುಂಟು.

ಗೋಡೆ ದಂಡ, 8 ಸಲ. ಗೋಡೆಯಿಂದ ಎರಡಡಿ ದೂರ ನಿಂತು, ಅಂಗೈಗಳನ್ನು ಎದೆಯ ಎತ್ತರಕ್ಕೆ, ಭುಜಕ್ಕಿಂತ ಸ್ವಲ್ಪ ಅಗಲಕ್ಕೆ ಊರಿ. ಹಿಮ್ಮಡಿಯಿಂದ ತಲೆಯವರೆಗೆ ಮೈ ಒಂದೇ ಗೆರೆಯಲ್ಲಿರಲಿ. ಮೊಣಕೈ ಮಡಚಿ ಎದೆಯನ್ನು ಗೋಡೆಯ ಹತ್ತಿರ ತನ್ನಿ, ಮತ್ತೆ ತಳ್ಳಿ. ಮೊಣಕೈ ಪೂರ್ತಿ ಪಕ್ಕಕ್ಕೆ ಚಾಚಿದರೆ ಭುಜದ ಕೀಲು ನೋಯುತ್ತದೆ, ಪಕ್ಕೆಯಿಂದ 45 ಡಿಗ್ರಿಯಷ್ಟು ಇರಲಿ. ಹೊಟ್ಟೆ ಮುಂದಕ್ಕೆ ಜೋತುಬಿದ್ದರೆ ಪೃಷ್ಠವನ್ನು ಬಿಗಿಹಿಡಿಯಿರಿ, ತಾನಾಗಿ ಸರಿಯಾಗುತ್ತದೆ.

ಚೀಲ ಎಳೆತ, ಒಂದೊಂದು ಕೈಗೆ 8. ಮನೆ ವ್ಯಾಯಾಮದಲ್ಲಿ ಎಲ್ಲರೂ ಬಿಡುವುದು ಇದನ್ನೇ. ದಂಡ, ಸೂರ್ಯನಮಸ್ಕಾರ ಎಲ್ಲವೂ ತಳ್ಳುವ ಚಲನೆಗಳು, ಎಳೆಯುವ ಚಲನೆ ಇಲ್ಲದಿದ್ದರೆ ಬೆನ್ನಿನ ಮೇಲ್ಭಾಗ ಹಾಗೇ ಸೊರಗಿರುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಐದರಲ್ಲಿ ಇದೇ ಮುಖ್ಯ. ಎಡಗೈಯನ್ನು ಕುರ್ಚಿಯ ಮೇಲೆ ಊರಿ, ಬೆನ್ನು ನೇರವಿಟ್ಟು ಮುಂದಕ್ಕೆ ಬಾಗಿ, ಬಲಗೈಯಲ್ಲಿ ಚೀಲ ಹಿಡಿದು ಮೊಣಕೈಯನ್ನು ಸೊಂಟದ ಕಡೆಗೆ ಎಳೆಯಿರಿ. ಮೇಲೆ ಒಂದು ಕ್ಷಣ ನಿಲ್ಲಿಸಿ ನಿಧಾನವಾಗಿ ಇಳಿಸಿ. 2 ಕೆ.ಜಿ.ಯಿಂದ ಶುರುಮಾಡಿ. ಚೀಲದ ಹಿಡಿಯ ಹೊಲಿಗೆ ಆಗಾಗ ಪರೀಕ್ಷಿಸಿ. ಬಾಗಿಲಿನ ಹಿಡಿಗೆ ಟವೆಲ್ ಕಟ್ಟಿ ಎಳೆಯುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ನಮ್ಮ ಮನೆಗಳ ಅಗುಳಿ, ಹಿಡಿಗಳನ್ನು ಮೈಭಾರಕ್ಕೆಂದು ಕೂರಿಸಿರುವುದಿಲ್ಲ, ಅದು ಬೇಡ.

ಸೇತುವೆ, 8 ಸಲ. ಅಂಗಾತ ಮಲಗಿ ಮಂಡಿ ಮಡಚಿ, ಹಿಮ್ಮಡಿ ಒತ್ತಿ ಸೊಂಟವನ್ನು ಎತ್ತಿ, ಎರಡು ಎಣಿಸಿ ಇಳಿಸಿ. ತೊಡೆಯ ಹಿಂಭಾಗ ಸೆಟೆದುಕೊಂಡರೆ ಹಿಮ್ಮಡಿಯನ್ನು ಪೃಷ್ಠದ ಹತ್ತಿರಕ್ಕೆ ಸರಿಸಿ. ನೆಲಕ್ಕೆ ಮಲಗಿ ಏಳಲು ಕಷ್ಟವಾಗುವ ಹಿರಿಯರು ಗಟ್ಟಿ ಹಾಸಿಗೆಯ ಮೇಲೆ ಮಾಡಬಹುದು.

ತುದಿಗಾಲು, 10 ಸಲ. ಅಡುಗೆ ಕಟ್ಟೆ ಅಥವಾ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸಿ.

ಎಲ್ಲದರಲ್ಲೂ ಒಂದೇ ನಿಯಮ: ಬಲ ಹಾಕುವಾಗ ಉಸಿರು ಬಿಡಿ, ಮರಳುವಾಗ ಎಳೆದುಕೊಳ್ಳಿ. ಉಸಿರು ಕಟ್ಟಿ ಬಲ ಹಾಕಿದರೆ ರಕ್ತದೊತ್ತಡ ಸರ್ರನೆ ಏರುತ್ತದೆ. ಬಾಯಲ್ಲಿ ಜೋರಾಗಿ ಎಣಿಸುತ್ತಿದ್ದರೆ ಉಸಿರು ಕಟ್ಟಲು ಆಗುವುದೇ ಇಲ್ಲ.

ಹಂತ 5: ಹೆಚ್ಚಿಸುವ ಲೆಕ್ಕ

3 ಮತ್ತು 4ನೆಯ ವಾರ ಐದೂ ಚಲನೆಗಳ ಎರಡು ಸುತ್ತು, ಸುತ್ತುಗಳ ನಡುವೆ ಒಂದು ನಿಮಿಷ ವಿರಾಮ. ಒಟ್ಟು ಹತ್ತು ಹನ್ನೆರಡು ನಿಮಿಷ. 5ನೆಯ ವಾರದಿಂದ ಸೋಮ, ಬುಧ, ಶುಕ್ರ ಈ ಬಲದ ಚಲನೆಗಳ ಮೂರು ಸುತ್ತು, ಉಳಿದ ದಿನ ಉಸಿರು ಏರಿಸುವ ಚಲನೆ (ಮುಂದಿನ ಹಂತ), ಭಾನುವಾರ ಕನಿಷ್ಠ ಪಾಲು. ಸ್ನಾಯುವಿಗೆ ಬಲ ಬರುವುದು ದುಡಿದ ದಿನದ ಮಾರನೆಯ ವಿಶ್ರಾಂತಿಯಲ್ಲಿ. ದಿನವೂ ಅದೇ ಸ್ನಾಯುವಿಗೆ ಪೂರ್ತಿ ಕೆಲಸ ಕೊಡುವುದರಿಂದ ಬೇಗ ಫಲ ಸಿಗುವುದಿಲ್ಲ.

ಒಂದು ಚಲನೆಯನ್ನು ಸತತ ಎರಡು ಸಲ 12ರವರೆಗೆ ಕೊನೆಯದೂ ಸೊಟ್ಟಗಾಗದಂತೆ ಮಾಡಿದಿರೆಂದರೆ ಅದನ್ನು ಕಷ್ಟ ಮಾಡಿ, ಎಣಿಕೆಯನ್ನು ಮತ್ತೆ 8ಕ್ಕೆ ಇಳಿಸಿ. ದಂಡ ಗೋಡೆಯಿಂದ ಅಡುಗೆ ಕಟ್ಟೆಗೆ, ಅಲ್ಲಿಂದ ಗೋಡೆಗೆ ಒತ್ತಿಟ್ಟ ಗಟ್ಟಿ ಮಂಚದ ಅಂಚಿಗೆ, ಅಲ್ಲಿಂದ ನೆಲಕ್ಕೆ ಇಳಿಯಲಿ. ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಅಂಗೈ ಜಾರುತ್ತದೆ, ಒರೆಸಿಕೊಳ್ಳಿ. ಬಸ್ಕಿಯಲ್ಲಿ ದಿಂಬು ತೆಗೆಯಿರಿ, ಆಮೇಲೆ ಅಕ್ಕಿ ಪ್ಯಾಕೆಟ್ಟನ್ನು ಎದೆಗಪ್ಪಿಕೊಳ್ಳಿ, ಆಮೇಲೆ ಕುರ್ಚಿಯನ್ನೇ ಬಿಡಿ. ಚೀಲಕ್ಕೆ ಒಂದೊಂದೇ ಲೀಟರ್ ಬಾಟಲಿ ಸೇರಿಸಿ. ಸೇತುವೆ, ತುದಿಗಾಲು ಒಂಟಿಕಾಲಿಗೆ ಬರಲಿ. ಒಂದು ವಾರದಲ್ಲಿ ಎರಡಕ್ಕಿಂತ ಹೆಚ್ಚು ಚಲನೆಗಳನ್ನು ಕಷ್ಟ ಮಾಡಬೇಡಿ.

ಈ ಕ್ರಮದಲ್ಲಿ ಗೋಡೆಯಿಂದ ನೆಲಕ್ಕೆ ಬರಲು ಕೆಲವರಿಗೆ ಎರಡು ತಿಂಗಳು, ಕೆಲವರಿಗೆ ಒಂದು ವರ್ಷ ಬೇಕಾಗುತ್ತದೆ. ಮಂಚದ ಅಂಚಿನಲ್ಲೇ ಉಳಿದರೂ ತೊಂದರೆಯಿಲ್ಲ, ಅದೂ ದಂಡವೇ.

ಹಂತ 6: ಉಸಿರು ಏರಿಸುವ ದಿನಗಳು

ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಗುರಿ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ, ಜೊತೆಗೆ ಕನಿಷ್ಠ ಎರಡು ದಿನ ಬಲದ ವ್ಯಾಯಾಮ. 65 ದಾಟಿದವರಿಗೆ ಇದರ ಮೇಲೆ ವಾರಕ್ಕೆ ಮೂರು ದಿನ ಮೈ ಸಮತೋಲನದ ಅಭ್ಯಾಸ. ಏನೂ ಇಲ್ಲದಿರುವುದಕ್ಕಿಂತ ಸ್ವಲ್ಪವಾದರೂ ಮೇಲು ಎಂದೂ ಅದೇ ಮಾರ್ಗಸೂಚಿ ಹೇಳುತ್ತದೆ. ಮನೆ ಗುಡಿಸಿ ಒರೆಸುವ ಕೆಲಸವೂ, ಉಸಿರು ಏರುವಂತೆ ಮಾಡಿದರೆ, ಈ ಲೆಕ್ಕಕ್ಕೆ ಸೇರುತ್ತದೆ. 150ನ್ನು ಮುಟ್ಟಲು ಮೂರು ನಾಲ್ಕು ತಿಂಗಳು ತೆಗೆದುಕೊಳ್ಳಿ.

ಮಧ್ಯಮ ಶ್ರಮವೆಂದರೆ ಎಷ್ಟು? ಮಾತಿನ ಪರೀಕ್ಷೆಯೇ ಸಾಕು. ಪೂರ್ತಿ ವಾಕ್ಯ ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ ಎಂಬಷ್ಟು. ಎರಡು ಪದಕ್ಕೇ ಏದುಸಿರು ಬಂದರೆ ಜಾಸ್ತಿಯಾಯಿತು. ಬೀಟಾ ಬ್ಲಾಕರ್ ಎಂಬ ಗುಂಪಿನ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ನಾಡಿ ಅಷ್ಟಾಗಿ ಏರುವುದಿಲ್ಲ. ಅವರು ಕೈಗಡಿಯಾರದ ಅಂಕಿ ನೋಡದೆ ಇದೇ ಪರೀಕ್ಷೆಯನ್ನು ನೆಚ್ಚಿಕೊಳ್ಳಬೇಕು.

ಸುಲಭದ ಕ್ರಮ: ನಿಂತಲ್ಲೇ ಮಂಡಿ ಎತ್ತಿ ನಡೆಯುವುದು 2 ನಿಮಿಷ, ಪಕ್ಕಕ್ಕೆ ಎರಡೆರಡು ಹೆಜ್ಜೆ 1 ನಿಮಿಷ, ಗಾಳಿಗೆ ಮುಷ್ಟಿ ಚಾಚುವುದು 1 ನಿಮಿಷ, ನಿಧಾನ ನಡಿಗೆ 1 ನಿಮಿಷ. ಇದನ್ನು ಮೂರು ಸಲ ಮಾಡಿದರೆ 15 ನಿಮಿಷ. ಮನೆಯೊಳಗೆ ಮೆಟ್ಟಿಲಿದ್ದರೆ ಎರಡು ನಿಮಿಷ ಹತ್ತಿ ಇಳಿಯುವುದನ್ನು ಸೇರಿಸಿ, ಇಳಿಯುವಾಗ ಕಟಾಂಜನ ಹಿಡಿದೇ ಇಳಿಯಿರಿ. ಅಪಾರ್ಟ್‌ಮೆಂಟಿನವರು ಹಗ್ಗ ಹಾರುವುದು, ಜಿಗಿಯುವುದು ಬಿಡಿ. ಕೆಳಮನೆಯವರ ದೂರು ಬಂದ ದಿನವೇ ನಿಮ್ಮ ರೂಢಿಗೂ ಕುತ್ತು ಬರುತ್ತದೆ.

ಸೂರ್ಯನಮಸ್ಕಾರ ಗೊತ್ತಿದ್ದವರು ಈ ದಿನಗಳಿಗೆ ಅದನ್ನೇ ಇಟ್ಟುಕೊಳ್ಳಬಹುದು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರು ಕಳೆದ ಶತಮಾನದ ಮೊದಲ ಅರ್ಧದಲ್ಲೇ ಸೂರ್ಯನಮಸ್ಕಾರಕ್ಕೆ ದೊಡ್ಡ ಸ್ಥಾನ ಕೊಟ್ಟಿದ್ದರು, ಅಂಚೆಯ ಮೂಲಕ ಪಾಠ ಕಳಿಸಿ ಮನೆಯಲ್ಲೇ ವ್ಯಾಯಾಮ ಕಲಿಸುತ್ತಿದ್ದರು. ಮನೆಯೊಳಗಿನ ವ್ಯಾಯಾಮ ನಮಗೆ ಹೊಸತಲ್ಲ. ಹೊಸಬರು 12 ಭಂಗಿಗಳ ಸುತ್ತನ್ನು ನಾಲ್ಕು ಸಲ, ಎರಡು ಬಲಗಾಲಿಗೆ ಎರಡು ಎಡಗಾಲಿಗೆ, ನಿಧಾನವಾಗಿ ಮಾಡಿ. ವಾರಕ್ಕೆ ಎರಡು ಸೇರಿಸುತ್ತ ಹನ್ನೆರಡಕ್ಕೆ ಬನ್ನಿ. ಬಾಗುವಾಗ ಮಂಡಿ ನೇರವಿಡಬೇಕೆಂದು ಸೊಂಟಕ್ಕೆ ಒತ್ತಡ ಹಾಕಬೇಡಿ, ಸ್ವಲ್ಪ ಮಡಚಿ. ಭುಜಂಗಾಸನದಲ್ಲಿ ಕೈಬಲದಿಂದ ತಳ್ಳಿ ಮೇಲೇಳುವುದು ಕೆಳಬೆನ್ನು ನೋವಿಗೆ ಸಾಮಾನ್ಯ ಕಾರಣ, ಬೆನ್ನು ಎತ್ತಿದಷ್ಟೇ ಏಳಿ. ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ ಇರುವವರು ತಲೆ ಕೆಳಗಾಗುವ ಭಂಗಿಗಳನ್ನು ಬಿಡಿ.

ಸಮತೋಲನಕ್ಕೆ: ಗೋಡೆಯಿಂದ ಒಂದು ಗೇಣು ದೂರ ನಿಂತು ಒಂಟಿಕಾಲಲ್ಲಿ ಹತ್ತು ಸೆಕೆಂಡ್, ಎರಡೂ ಕಾಲಿಗೆ ಮೂರು ಸಲ.

ಹಂತ 7: ಗುರುತು ಹಾಕಿ, ತೂಕದ ಯಂತ್ರ ಬದಿಗಿಡಿ

ಮಾಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಐದು ನಿಮಿಷ ಮಾಡಿದರೂ, ಇಪ್ಪತ್ತು ಮಾಡಿದರೂ ಗುರುತು ಒಂದೇ. ಫೋನಿನ ಆ್ಯಪ್‌ಗಿಂತ ಇದು ಒಳ್ಳೆಯದು, ಏಕೆಂದರೆ ಮನೆಯವರ ಕಣ್ಣಿಗೂ ಬೀಳುತ್ತದೆ. ಮಕ್ಕಳಿದ್ದರೆ ಗುರುತು ಹಾಕುವ ಕೆಲಸ ಅವರಿಗೆ ಕೊಡಿ, ನೀವು ಮರೆತರೂ ಅವರು ಮರೆಯುವುದಿಲ್ಲ.

ಬಹಳ ಜನ ಆರನೆಯ ವಾರದಲ್ಲಿ ಬಿಡುವುದು ತೂಕ ಇಳಿಯಲಿಲ್ಲವೆಂಬ ಕಾರಣಕ್ಕೆ. ಲೆಕ್ಕ ನೋಡಿ: 60 ಕೆ.ಜಿ. ತೂಕದವರು 20 ನಿಮಿಷ ಮಧ್ಯಮ ಶ್ರಮ ಮಾಡಿದರೆ ಖರ್ಚಾಗುವುದು ಸುಮಾರು 80 ಕ್ಯಾಲೊರಿ. ಒಂದು ಮಸಾಲೆದೋಸೆ ಇದರ ಹಲವು ಪಟ್ಟು ಕೊಡುತ್ತದೆ. ತೂಕದ ಹತೋಟಿ ಬಹುಮಟ್ಟಿಗೆ ತಟ್ಟೆಯ ವಿಷಯ. ವ್ಯಾಯಾಮ ಕೊಡುವುದು ಬಲ, ಉಸಿರು, ನಿದ್ದೆ, ರಕ್ತದ ಸಕ್ಕರೆಯ ಹತೋಟಿ. ಆದ್ದರಿಂದ ಇವನ್ನು ಅಳೆಯಿರಿ:

- 30 ಸೆಕೆಂಡಿನಲ್ಲಿ, ಕೈಗಳನ್ನು ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ.
- ಬೆಳಿಗ್ಗೆ ಏಳುವ ಮೊದಲು ಹಾಸಿಗೆಯಲ್ಲೇ ನಾಡಿ. ಮಣಿಕಟ್ಟಿನಲ್ಲಿ ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು 30 ಸೆಕೆಂಡ್ ಎಣಿಸಿ ಎರಡರಿಂದ ಗುಣಿಸಿ.
- ಎರಡು ಮಹಡಿ ಹತ್ತಿದ ಮೇಲೆ ತಡವರಿಸದೆ ಒಂದು ವಾಕ್ಯ ಹೇಳಲು ಎಷ್ಟು ಸೆಕೆಂಡ್ ಬೇಕು.

ಶುರುವಿನ ದಿನ ಬರೆದಿಟ್ಟು, ನಾಲ್ಕು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ಸಾಮಾನ್ಯವಾಗಿ ಮೊದಲು ಬದಲಾಗುವುದು ಕುರ್ಚಿಯ ಎಣಿಕೆ.

ಹಂತ 8: ತಪ್ಪಿದ ದಿನಗಳಿಗೆ ಮೊದಲೇ ದಾರಿ ಮಾಡಿಡಿ

ತಪ್ಪುತ್ತದೆ. ಮೇಲೆ ಹೇಳಿದ ಲಂಡನ್ ಅಧ್ಯಯನದಲ್ಲೇ ಒಂದು ದಿನ ತಪ್ಪಿದ್ದು ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಆದ್ದರಿಂದ ನಿಯಮ ಎರಡು: ಸತತ ಎರಡು ದಿನ ತಪ್ಪಿಸಬೇಡಿ, ತಪ್ಪಿದ್ದನ್ನು ಮಾರನೆಯ ದಿನ ಇಮ್ಮಡಿ ಮಾಡಿ ತುಂಬಿಸಬೇಡಿ. ಇಮ್ಮಡಿ ಮಾಡಿದವರು ಮೈಕೈ ನೋವಿನಿಂದ ಮೂರನೆಯ ದಿನವೂ ತಪ್ಪಿಸುತ್ತಾರೆ.

ಮದುವೆ ಮನೆಗೆ ಹೊರಟಾಗ, ಗಣೇಶ ಹಬ್ಬದ ಹಿಂದಿನ ದಿನ, ಪರೀಕ್ಷೆಯ ವಾರದಲ್ಲಿ "ಹಲ್ಲುಜ್ಜಿದ ಕೂಡಲೇ ಅಲ್ಲೇ ನಿಂತು ಗೋಡೆ ದಂಡ, ತುದಿಗಾಲು" ಎಂಬಷ್ಟು ಸಣ್ಣ ಯೋಜನೆ ಮೊದಲೇ ಇರಲಿ. ಕಾಯಿಲೆಯಲ್ಲಿ ಮಾತ್ರ ಹಟ ಬೇಡ. ಬರೀ ನೆಗಡಿಯಾದರೆ ಕನಿಷ್ಠ ಪಾಲು ಮಾಡಬಹುದು. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ ಇದ್ದರೆ ಪೂರ್ತಿ ವಿಶ್ರಾಂತಿ. ಮಳೆಗಾಲದ ಡೆಂಗಿ, ಚಿಕೂನ್‌ಗುನ್ಯಾ ಆದವರು ಜ್ವರ ಬಿಟ್ಟ ಮಾರನೆಯ ದಿನವೇ ಶುರುಮಾಡಬೇಡಿ, ವೈದ್ಯರು ಹೇಳಿದ ಮೇಲೆ ಮತ್ತೆ ಐದು ನಿಮಿಷದಿಂದ ಬನ್ನಿ. ಎರಡು ವಾರಕ್ಕಿಂತ ಹೆಚ್ಚು ಬಿಟ್ಟಿದ್ದವರು ಹಳೆಯ ಭಾರಕ್ಕೆ ನೇರ ಹೋಗದೆ ಅದರ ಅರ್ಧದಿಂದ ಶುರುಮಾಡಿ.

ಉತ್ಸಾಹ ಇಳಿದಾಗ

ಮೂರನೆಯ ವಾರ ಹೊಸತನ ಹೋಗುತ್ತದೆ, ಆರನೆಯ ವಾರ ಫಲ ಕಾಣುತ್ತಿಲ್ಲ ಎನ್ನಿಸುತ್ತದೆ. ಈ ಎರಡು ಕಡೆಗೆ ಮೊದಲೇ ಸಿದ್ಧರಾಗಿ. ನಿಮಗೆ ತುಂಬ ಇಷ್ಟವಾದ ಒಂದನ್ನು, ಆಕಾಶವಾಣಿಯ ಕಾರ್ಯಕ್ರಮವೋ ಭಾವಗೀತೆಗಳೋ ಧಾರಾವಾಹಿಯ ನೆನ್ನೆಯ ಕಂತೋ, ವ್ಯಾಯಾಮದ ಹೊತ್ತಿಗೆ ಮಾತ್ರ ಎಂದು ಮೀಸಲಿಡಿ. ಬೇರೆ ಹೊತ್ತಿನಲ್ಲಿ ಅದನ್ನು ಕೇಳಬಾರದು, ನೋಡಬಾರದು. ಬಲದ ದಿನ ಧಾರಾವಾಹಿ ಬೇಡ, ಕಣ್ಣು ಪರದೆಯ ಮೇಲಿದ್ದರೆ ಬೆನ್ನು ಬಾಗುತ್ತದೆ. ಆ ದಿನ ಕಿವಿಗಷ್ಟೇ ಇರಲಿ.

ಜೊತೆಗಾರರಿದ್ದರೆ ಬಲ. ದೂರದ ಊರಿನಲ್ಲಿರುವ ಅಕ್ಕನೋ ಗೆಳೆಯನೋ ಆದರೂ ಸರಿ, ಮುಗಿದ ಕೂಡಲೇ "ಆಯ್ತು" ಎಂಬ ಒಂದು ಸಂದೇಶ ಸಾಕು. ದೊಡ್ಡ ಗುಂಪುಗಳಲ್ಲಿ ಹೋಲಿಕೆ ಶುರುವಾಗಿ ಹಿಂದೆ ಬಿದ್ದವರು ಸುಮ್ಮನಾಗುತ್ತಾರೆ, ಇಬ್ಬರು ಮೂವರೇ ಒಳ್ಳೆಯದು. ಮನೆಯ ಹಿರಿಯರು "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ" ಎಂದರೆ ವಾದಕ್ಕಿಳಿಯದೆ ಕುರ್ಚಿ ಬಸ್ಕಿಗೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕುರ್ಚಿಯಿಂದ ಯಾರ ಆಸರೆಯೂ ಇಲ್ಲದೆ ಏಳುವ ಬಲ ಅವರಿಗೇ ಹೆಚ್ಚು ಬೇಕು.

ಯಾವ ನೋವು ಸರಿ, ಯಾವುದು ತಪ್ಪು

ಹೊಸ ಚಲನೆ ಮಾಡಿದ 24ರಿಂದ 72 ಗಂಟೆಗಳಲ್ಲಿ ತೊಡೆ, ಎದೆ, ತೋಳಿನ ಮಾಂಸದಲ್ಲಿ ಎರಡೂ ಕಡೆ ಸಮನಾಗಿ ಬರುವ ಹಿಡಿತ ಸಹಜ. ಲಘುವಾಗಿ ಓಡಾಡಿದರೆ ಬಿಡುತ್ತದೆ. ಕೀಲಿನೊಳಗೆ ಚುಚ್ಚುವ ನೋವು, ಒಂದೇ ಕಡೆಯ ನೋವು, ಊತ, ಸೊಂಟದಿಂದ ಕಾಲಿಗೆ ಇಳಿಯುವ ಸೆಳೆತ ಇದ್ದರೆ ಆ ಚಲನೆ ನಿಲ್ಲಿಸಿ, ಒಂದು ವಾರದಲ್ಲಿ ಕಡಿಮೆಯಾಗದಿದ್ದರೆ ತೋರಿಸಿ. ಎದೆಯಲ್ಲಿ ಒತ್ತಿದಂಥ ನೋವು, ಎಡತೋಳು ಅಥವಾ ದವಡೆಗೆ ಹರಡುವ ನೋವು, ತಲೆತಿರುಗಿ ಬೀಳುವಂತಾಗುವುದು ಕಂಡರೆ ಕೂಡಲೇ ಕುಳಿತು 108ಕ್ಕೆ ಕರೆ ಮಾಡಿಸಿ. ಗ್ಯಾಸ್ ಇರಬೇಕು ಎಂದು ಕಾಯಬೇಡಿ.

ಮಳೆ ನಿಂತ ಮೇಲೆ

ಅಕ್ಟೋಬರ್, ನವೆಂಬರಿನಲ್ಲಿ ಮತ್ತೆ ವಾಕಿಂಗ್ ಶುರುವಾದಾಗ ಬಹಳ ಜನ ಮನೆಯೊಳಗಿನದನ್ನು ಪೂರ್ತಿ ಬಿಡುತ್ತಾರೆ, ಮುಂದಿನ ಜೂನ್‌ನಲ್ಲಿ ಮತ್ತೆ ಮೊದಲಿನಿಂದ. ನಡಿಗೆ ಹೃದಯಕ್ಕೂ ಉಸಿರಿಗೂ ಒಳ್ಳೆಯದು, ಆದರೆ ತೋಳು, ಬೆನ್ನು, ಭುಜಗಳಿಗೆ ಅದು ಬಲ ಕೊಡುವುದಿಲ್ಲ. ಉಸಿರು ಏರಿಸುವ ದಿನಗಳನ್ನು ಮಾತ್ರ ರಸ್ತೆಗೆ ಸಾಗಿಸಿ. ಸೋಮ, ಬುಧ, ಶುಕ್ರದ ಬಲದ ಚಲನೆಗಳು ಅದೇ ಚಾಪೆಯ ಮೇಲೆ, ಅದೇ ಗೀಸರಿನ ಹೊತ್ತಿಗೆ ನಡೆಯಲಿ. ನಡಿಗೆಯ ದಿನಗಳಲ್ಲೂ ಚಪ್ಪಲಿ ಮೆಟ್ಟುವ ಮೊದಲು ಚೀಲ ಎಳೆತದ ಒಂದು ಸುತ್ತು ಮುಗಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿಯೇ ಹೊರಡಿ.